'ಮಾಡು' ಬಿಟ್ಟು ಬರೆಯಲು ಕಲಿತ ಕತೆ

ನನ್ನ ಮೊದಲ ಇಂಗ್ಲಿಷ್ ಸಂಶೋಧನಾ ಲೇಖನದ ಕರಡು ಗೈಡ್ ಕೈಯಿಂದ ವಾಪಸ್ ಬಂದಾಗ ನಾನು ಮೊದಲು ಹುಡುಕಿದ್ದು ವ್ಯಾಕರಣದ ತಪ್ಪುಗಳನ್ನು. ಮೂರೋ ನಾಲ್ಕೋ ಇದ್ದವು, ಅಷ್ಟೇ. ಒಂದು ಗಳಿಗೆ ಹೆಮ್ಮೆ ಆಯಿತು. ಆಮೇಲೆ ಅಂಚು ನೋಡಿದೆ. ಪುಟದ ಎರಡೂ ಬದಿಯಲ್ಲಿ ಕೆಂಪು ಗೆರೆಗಳು.

ಒಂದು ಕಡೆ ನಾನು 'ವಿ ಡಿಡ್ ಎ ಕನ್‌ಕ್ಲೂಷನ್' ಎಂದು ಬರೆದಿದ್ದೆ. ಇನ್ನೊಂದು ಕಡೆ 'ಬಿಗ್ ಎವಿಡೆನ್ಸ್'. ಮತ್ತೊಂದು ಕಡೆ, ಒಂದು ಅಂಶ ನಮ್ಮ ವಿಧಾನಕ್ಕೆ ತೊಡಕಾಗುತ್ತದೆ ಎನ್ನಲು 'ಮೇಕ್ಸ್ ಎ ಪ್ರಾಬ್ಲಂ ಟು ಅವರ್ ಮೆಥಡ್'. ಕೊನೆಯ ಪುಟದ ಕೆಳಗೆ ಒಂದೇ ಸಾಲಿನ ಷರಾ. ವ್ಯಾಕರಣ ಸರಿ ಇದೆ, ಆದರೆ ಹೀಗೆ ಯಾರೂ ಬರೆಯುವುದಿಲ್ಲ.

ಈ 'ಯಾರೂ' ಅನ್ನೋದು ನನಗೆ ಚುಚ್ಚಿತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ತಮ್ಮ ತಮ್ಮ ಜಾಗದಲ್ಲೇ ಇವೆ. ಅರ್ಥವೂ ಆಗುತ್ತದೆ. ಇನ್ನೇನು ಬೇಕು? ಕೋಣೆಗೆ ಹೋಗಿ ನೇರವಾಗಿ ಕೇಳಿಯೇಬಿಟ್ಟೆ. ಯಾವ ನಿಯಮ ಮುರಿದಿದ್ದೇನೆ ಹೇಳಿ ಅಂತ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ನಿಯಮ ಅಂತ ಏನೂ ಇಲ್ಲ, ಹಾಗೆ ಹೇಳಲ್ಲ, ಅಷ್ಟೇ ಎಂದರು. ನನಗೆ ಅದು ಜಾರಿಕೊಳ್ಳುವ ಉತ್ತರದ ಹಾಗೆ ಕಂಡಿತು.

ಅದು ಜಾರಿಕೆಯಲ್ಲ ಅಂತ ಗೊತ್ತಾಗಿದ್ದು ಒಬ್ಬ ಗೆಳೆಯನಿಂದ. ಅವನು ಆಗ ಕನ್ನಡ ಕಲಿಯುತ್ತಿದ್ದ. ಉತ್ಸಾಹ ಜಾಸ್ತಿ. ನಿಘಂಟು ಪಕ್ಕದಲ್ಲಿ ಇಟ್ಟುಕೊಂಡು ನನಗೆ ಉದ್ದುದ್ದ ಸಂದೇಶ ಕಳಿಸುತ್ತಿದ್ದ. ಒಂದು ದಿನ ಬರೆದ: 'ನಿನ್ನೆ ಭಾರವಾದ ಮಳೆ ಬಂತು. ಅವನು ಬರುತ್ತೇನೆ ಎಂದು ಸುಳ್ಳು ಮಾಡಿದ. ನಾನು ಕೋಪ ತಿಂದೆ.' ನಾನು ಬಿದ್ದು ಬಿದ್ದು ನಕ್ಕೆ. ಮಳೆ ಜೋರಾಗಿ ಬರುತ್ತದೆ, ಭಾರವಾಗಿ ಅಲ್ಲ. ಸುಳ್ಳು ಹೇಳುವುದು, ಮೋಸ ಮಾಡುವುದು. ಕೋಪ ಬರುತ್ತದೆ. ಬಯ್ಗುಳ ತಿನ್ನಬಹುದು, ಏಟು ತಿನ್ನಬಹುದು, ಕೋಪ ಮಾತ್ರ ಯಾರೂ ತಿನ್ನಲ್ಲ. ಹೀಗೆ ತಿದ್ದಿ ಕಳಿಸಿದೆ. ಅವನ ಮರುಪ್ರಶ್ನೆ ಬಂತು: 'ಯಾವ ನಿಯಮ?'

ನಾನು ಟೈಪ್ ಮಾಡಿದ್ದು ಹೀಗೆ. 'ನಿಯಮ ಏನಿಲ್ಲ. ಹಾಗೆ ಹೇಳಲ್ಲ, ಅಷ್ಟೇ.' ಕಳಿಸಿದ ಮೇಲೆ ನಾನೇ ಆ ಸಾಲನ್ನು ಮತ್ತೆ ಓದಿದೆ.

ಸರಿ, ರೋಗ ಏನು ಅಂತ ತಿಳಿಯಿತು. ಆದರೆ ಮದ್ದು ಹುಡುಕಿದ್ದು ತಪ್ಪು ಕಡೆ. ಅವೆರಿಲ್ ಕಾಕ್ಸ್‌ಹೆಡ್ ಎಂಬ ಭಾಷಾ ವಿದ್ವಾಂಸರು 2000ದಲ್ಲಿ ಒಂದು ಪಟ್ಟಿ ಪ್ರಕಟಿಸಿದ್ದರು. ಸುಮಾರು 35 ಲಕ್ಷ ಪದಗಳಷ್ಟು ಶೈಕ್ಷಣಿಕ ಬರಹವನ್ನು ಜಾಲಾಡಿ, ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು, ಅಂದರೆ ಒಂದು ಮೂಲ ಪದ ಮತ್ತು ಅದರಿಂದ ಹುಟ್ಟಿದ ರೂಪಗಳನ್ನು, ಆರಿಸಿದ ಪಟ್ಟಿ ಅದು. ಬಹಳ ಒಳ್ಳೆಯ ಕೆಲಸ. ನಾನು ಅದನ್ನು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಉರು ಹೊಡೆದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಎರಡು ತಿಂಗಳು ಹಿಡಿಯಿತು.

ಪರಿಣಾಮ? ಮುಂದಿನ ಕರಡಿನಲ್ಲಿ 'ಡಿಡ್ ಎ ಕನ್‌ಕ್ಲೂಷನ್' ಹೋಗಿ 'ಅಟೇನ್ಡ್ ಎ ಕನ್‌ಕ್ಲೂಷನ್' ಬಂದಿತ್ತು. 'ಅಟೇನ್' ಎಂದರೆ ತಲುಪು, ಸಾಧಿಸು ಎಂದು ಬಲಗಡೆ ಬರೆದುಕೊಂಡಿದ್ದೆನಲ್ಲ. ತೀರ್ಮಾನಕ್ಕೆ ತಲುಪುವುದು ಸರಿಯೇ ಅಲ್ವಾ? ಅಲ್ಲ. ಇಂಗ್ಲಿಷಿನಲ್ಲಿ ತೀರ್ಮಾನವನ್ನು 'ರೀಚ್' ಮಾಡುತ್ತಾರೆ, ಇಲ್ಲವೇ 'ಡ್ರಾ' ಮಾಡುತ್ತಾರೆ, ಅಂದರೆ ಬಾವಿಯಿಂದ ನೀರು ಸೇದಿದಂತೆ ಸಾಕ್ಷ್ಯದಿಂದ ಸೇದುತ್ತಾರೆ. 'ಅಟೇನ್' ಬೇರೆಯವರ ಸಂಗಡ ಓಡಾಡುವ ಪದ. ಗುರಿ, ಮಟ್ಟ, ಪದವಿ ಇಂಥವುಗಳ ಜೊತೆ. ನನ್ನ ತಪ್ಪುಗಳು ಕಡಿಮೆಯಾಗಿರಲಿಲ್ಲ, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದವು.

ಈ ಪದಗಳ ಸಹವಾಸಕ್ಕೆ ಇಂಗ್ಲಿಷಿನಲ್ಲಿ ಕೊಲೊಕೇಷನ್ ಅನ್ನುತ್ತಾರೆ. ಇದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲಿ ನಾನು ಮೊದಲಿಗನೇನಲ್ಲ. ಹೆರಾಲ್ಡ್ ಪಾಮರ್ ಎಂಬ ಬ್ರಿಟಿಷ್ ಮೇಷ್ಟ್ರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸದಲ್ಲಿದ್ದಾಗ, 1933ರಲ್ಲೇ, ಕೊಲೊಕೇಷನ್‌ಗಳ ಮೇಲೆ ಒಂದು ದೊಡ್ಡ ವರದಿ ಹೊರತಂದರು. ಕಲಿಯುವವರು ಮುಗ್ಗರಿಸುವುದು ಒಂಟಿ ಪದದಲ್ಲಲ್ಲ, ಜೋಡಿಯಲ್ಲಿ ಎಂದು ತರಗತಿಯಲ್ಲಿ ನಿಂತವರಿಗೆ ಕಂಡಿತ್ತು. 1957ರಲ್ಲಿ ಭಾಷಾವಿಜ್ಞಾನಿ ಜೆ. ಆರ್. ಫರ್ತ್, ಪದವನ್ನು ಅದರ ಸಂಗಾತಿಗಳಿಂದ ಗುರುತಿಸಬೇಕು ಎಂಬ ಅರ್ಥದ ಮಾತು ಬರೆದರು. 1966ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಹ್ಯಾಲಿಡೆ ಕೊಟ್ಟ ಉದಾಹರಣೆ ಇವತ್ತಿಗೂ ಎಲ್ಲ ಪಾಠಗಳಲ್ಲಿ ಬರುತ್ತದೆ. ಚಹಾ 'ಸ್ಟ್ರಾಂಗ್', ಕಾರು 'ಪವರ್‌ಫುಲ್'. ಎರಡೂ ಪದಗಳ ಅರ್ಥ ಹೆಚ್ಚುಕಡಿಮೆ ಒಂದೇ, ಆದರೆ 'ಪವರ್‌ಫುಲ್ ಟೀ' ಅಂದರೆ ಕೇಳಿದವರು ಒಮ್ಮೆ ತಿರುಗಿ ನೋಡುತ್ತಾರೆ. ತಮಾಷೆ ಅಂದರೆ, 'ಆರ್ಗ್ಯುಮೆಂಟ್' ಮಾತ್ರ ಎರಡನ್ನೂ ಒಪ್ಪುತ್ತದೆ. ವಾದ 'ಸ್ಟ್ರಾಂಗ್' ಕೂಡ ಹೌದು, 'ಪವರ್‌ಫುಲ್' ಕೂಡ ಹೌದು. ಇದನ್ನು ಯಾವ ತರ್ಕದಿಂದ ಊಹಿಸೋದು?

ಇಷ್ಟೆಲ್ಲ ಓದಿದ ಮೇಲೆ ನನ್ನ ಹಳೆಯ ಕರಡುಗಳನ್ನು ಹರಡಿಕೊಂಡು ಕೂತೆ. ಕೆಂಪು ಗೆರೆ ಬಿದ್ದ ಜಾಗಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಅರ್ಧ ಗಂಟೆಯಲ್ಲಿ ಕಳ್ಳ ಸಿಕ್ಕಿಬಿದ್ದ. ಅವನ ಹೆಸರು 'ಮಾಡು'.

ಕನ್ನಡದಲ್ಲಿ 'ಮಾಡು' ಬಲು ಉಪಕಾರಿ. ಹೆಸರುಪದ ಯಾವುದೇ ಇರಲಿ, ಹಿಂದೆ ಬಂದು ನಿಂತುಬಿಡುತ್ತದೆ. ತಪ್ಪು ಮಾಡು, ಸಂಶೋಧನೆ ಮಾಡು, ಅಪರಾಧ ಮಾಡು, ಆರೋಪ ಮಾಡು, ಪ್ರಯತ್ನ ಮಾಡು, ಪಾತ್ರ ಮಾಡು, ಸಮೀಕ್ಷೆ ಮಾಡು. ನನ್ನ ತಲೆ ಇದನ್ನೆಲ್ಲ 'ಡು' ಇಲ್ಲವೇ 'ಮೇಕ್' ಎಂಬ ಎರಡೇ ತೊಟ್ಟಿಗಳಿಗೆ ಸುರಿಯುತ್ತಿತ್ತು. ಇಂಗ್ಲಿಷ್ ನೋಡಿದರೆ ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದ ಇಟ್ಟುಕೊಂಡು ಕೂತಿದೆ. ತಪ್ಪಿಗೆ 'ಮೇಕ್'. ಸಂಶೋಧನೆಗೆ 'ಡು' ನಡೆಯುತ್ತದೆ, ಬರಹದಲ್ಲಿ 'ಕಂಡಕ್ಟ್' ಅಥವಾ 'ಕ್ಯಾರಿ ಔಟ್' ಹೆಚ್ಚು, 'ಮೇಕ್' ಮಾತ್ರ ಸಲ್ಲದು. ಅಪರಾಧಕ್ಕೆ 'ಕಮಿಟ್'. ಪಾತ್ರಕ್ಕೆ 'ಪ್ಲೇ'. ಪರಿಣಾಮಕ್ಕೆ 'ಹ್ಯಾವ್'. ಅಪಾಯ, ಸವಾಲು, ತೊಡಕು ಇವಕ್ಕೆ 'ಪೋಸ್'. ನನ್ನ 'ಮೇಕ್ಸ್ ಎ ಪ್ರಾಬ್ಲಂ' ಆಗಬೇಕಿದ್ದದ್ದು 'ಪೋಸಸ್ ಎ ಪ್ರಾಬ್ಲಂ'. ಎರಡು ವಿಷಯಗಳ ನಡುವೆ ವ್ಯತ್ಯಾಸ ಗುರುತಿಸುವುದಕ್ಕೆ 'ಡ್ರಾ ಎ ಡಿಸ್ಟಿಂಕ್ಷನ್', ಗೆರೆ ಎಳೆದ ಹಾಗೆ.

ನಾನು ಒಂದು ತಿಂಗಳು ಒಂದು ಹುಚ್ಚು ಕಟ್ಟಳೆ ಹಾಕಿಕೊಂಡೆ. ಕರಡಿನಲ್ಲಿ 'ಡು' ಮತ್ತು 'ಮೇಕ್' ಎಲ್ಲಿ ಬಂದರೂ ಅಡಿಗೆರೆ ಹಾಕಬೇಕು, ಅದರ ಮುಂದಿನ ಹೆಸರುಪದಕ್ಕೆ ನಿಜವಾದ ಜೋಡಿ ಯಾವುದು ಅಂತ ಹುಡುಕದೆ ಮುಂದಕ್ಕೆ ಹೋಗಬಾರದು. ಒಂದು ಪ್ಯಾರಾಕ್ಕೆ ಒಂದು ಸಂಜೆ ಹೋಗುತ್ತಿತ್ತು. ಬೇಜಾರಿನ ಕೆಲಸ, ಆದರೆ ಇಡೀ ಪ್ರಯಾಣದಲ್ಲಿ ನನಗೆ ಜಾಸ್ತಿ ಲಾಭ ತಂದದ್ದು ಇದೇ.

ಈ ಹುಡುಕಾಟದಲ್ಲೇ ಒಂದು ಅಂಶ ಹೊಳೆಯಿತು. ವಾದ ಬರೆಯುವಾಗ ನನಗೆ ಮೊದಲು ಗೊತ್ತಿರುವುದು ಹೆಸರುಪದ. ಸಾಕ್ಷ್ಯದ ಬಗ್ಗೆ ಹೇಳಬೇಕು, ಅನುಮಾನದ ಬಗ್ಗೆ ಹೇಳಬೇಕು, ತೀರ್ಮಾನದ ಬಗ್ಗೆ ಹೇಳಬೇಕು. ಗೊತ್ತಿಲ್ಲದ್ದು ಅದರ ಅಕ್ಕಪಕ್ಕದ್ದು. ಹಾಗಾದರೆ ನೋಟ್‌ಬುಕ್ಕನ್ನು ಎ ಇಂದ ಝಡ್‌ವರೆಗೆ ಬರೆಯುವುದು ದಂಡ. ಒಂದೊಂದು ಹೆಸರುಪದಕ್ಕೆ ಒಂದೊಂದು ಪುಟ ಕೊಟ್ಟೆ. ನಡುವೆ 'ಎವಿಡೆನ್ಸ್'. ಎಡಕ್ಕೆ ಅದಕ್ಕೆ ಮುಂಚೆ ಬರುವ ವಿಶೇಷಣಗಳು, ಬಲಕ್ಕೆ ಅದು ಕರ್ತೃವಾದಾಗ ಬರುವ ಕ್ರಿಯಾಪದಗಳು, ಮೇಲೆ ಅದು ಕರ್ಮವಾದಾಗ ಬರುವವು, ಕೆಳಗೆ ಸಣ್ಣ ಪುಟ್ಟ ಪ್ರಿಪೊಸಿಷನ್‌ಗಳು. ಒಟ್ಟು 40 ಹೆಸರುಪದ ಆದವು. ಅಷ್ಟಕ್ಕೇ ನಿಲ್ಲಿಸಿದೆ. ಆರ್ಗ್ಯುಮೆಂಟ್, ಕ್ಲೇಮ್, ಅಸಂಪ್ಷನ್, ಡೌಟ್, ಅಬ್ಜೆಕ್ಷನ್, ಕಾಂಟ್ರಾಸ್ಟ್, ಇಶ್ಯೂ ಇಂಥವು. ವಾದದ ಬರಹ ಎಷ್ಟೇ ಉದ್ದ ಇರಲಿ, ತಿರುಗುವುದು ಇಷ್ಟರ ಸುತ್ತಲೇ.

'ಎವಿಡೆನ್ಸ್' ಪುಟ ಮಾತ್ರ ತುಂಬಿ ಇನ್ನೊಂದು ಪುಟಕ್ಕೆ ಹರಿಯಿತು. ಸಾಕ್ಷ್ಯ ಬಲವಾಗಿದ್ದರೆ 'ಸ್ಟ್ರಾಂಗ್', ಒಪ್ಪದೆ ವಿಧಿಯಿಲ್ಲ ಅನ್ನುವಂತಿದ್ದರೆ 'ಕಂಪೆಲಿಂಗ್', ರಾಶಿ ರಾಶಿ ಇದ್ದರೆ 'ಓವರ್‌ವೆಲ್ಮಿಂಗ್', ಮಾತು ಮುಗಿಸುವಂತಿದ್ದರೆ 'ಕನ್‌ಕ್ಲೂಸಿವ್', ತೀರಾ ಕಡಿಮೆ ಇದ್ದರೆ 'ಸ್ಕ್ಯಾಂಟ್'. ನನಗೆ ಹೀಗಾಯಿತು, ಪಕ್ಕದವರಿಗೆ ಹಾಗಾಯಿತು ಎಂಬ ಬಗೆಯದಾದರೆ 'ಅನೆಕ್ಡೋಟಲ್'. ದಿನೇ ದಿನೇ ಕೂಡುತ್ತ ಹೋಗುತ್ತಿದ್ದರೆ 'ಎ ಗ್ರೋಯಿಂಗ್ ಬಾಡಿ ಆಫ್ ಎವಿಡೆನ್ಸ್'. ನನ್ನ 'ಬಿಗ್' ಎಲ್ಲೂ ಇಲ್ಲ. ಇನ್ನೊಂದು ಚಿಕ್ಕ ವಿಷಯ, ಈ ಪದಕ್ಕೆ ಬಹುವಚನ ಹಚ್ಚಿ 'ಎವಿಡೆನ್ಸಸ್' ಎನ್ನುವಂತಿಲ್ಲ, ಮುಂದೆ 'ಆ್ಯನ್' ಸೇರಿಸುವಂತಿಲ್ಲ. ಒಂದೇ ಒಂದು ಬೇಕಾದರೆ 'ಎ ಪೀಸ್ ಆಫ್ ಎವಿಡೆನ್ಸ್'. 'ರಿಸರ್ಚ್' ಕೂಡ ಇದೇ ಜಾತಿ. 'ಡಿಸ್ಕಸ್' ಆದಮೇಲೆ 'ಅಬೌಟ್' ಬೇಡ ಅನ್ನೋದನ್ನು ಎಲ್ಲರೂ ಹೇಳುತ್ತಾರೆ. ನನ್ನ ಕೈಯಿಂದ ಅದು ಈಗಲೂ ತಪ್ಪಿ ಉದುರುತ್ತದೆ.

ಜೋಡಿಗಳನ್ನು ಎಲ್ಲಿಂದ ತರೋದು? ಮೊದಲ ಮೂಲ ನನ್ನದೇ ವಿಷಯದ ಲೇಖನಗಳು. ನಾನು ಬರೆಯುತ್ತಿದ್ದದ್ದು ಅಂತರ್ಜಲದಲ್ಲಿನ ಫ್ಲೋರೈಡ್ ಬಗ್ಗೆ. ಹತ್ತು ಒಳ್ಳೆಯ ಲೇಖನ ಆರಿಸಿ, ವಿಷಯ ಓದುವುದನ್ನು ಬಿಟ್ಟು ಜೋಡಿಗಳಿಗಷ್ಟೇ ಪೆನ್ಸಿಲ್ ಎಳೆದೆ. ಇದು ಹೇಳಿದಷ್ಟು ಸುಲಭ ಅಲ್ಲ. ಅರ್ಥ ಆಗುವ ವಾಕ್ಯದಲ್ಲಿ ಕಣ್ಣು ನಿಲ್ಲುವುದೇ ಇಲ್ಲ. 'ಲೆಂಡ್ಸ್ ಸಪೋರ್ಟ್ ಟು' ಎಂಬುದನ್ನು ಅಷ್ಟು ವರ್ಷಗಳಲ್ಲಿ ನೂರಾರು ಸಲ ಓದಿರಬೇಕು, ಒಮ್ಮೆಯೂ ನೋಡಿರಲಿಲ್ಲ. ಬೆಂಬಲವನ್ನು ಇಂಗ್ಲಿಷ್ ಸಾಲ ಕೊಡುತ್ತದೆ ಅಂತ ಆವತ್ತೇ ಗೊತ್ತಾಗಿದ್ದು.

ಎರಡನೆಯ ಮೂಲ ಕಾರ್ಪಸ್. ಅಂದರೆ ನಿಜವಾಗಿ ಯಾರೋ ಬರೆದ, ಮಾತಾಡಿದ ಪಠ್ಯಗಳ ದೊಡ್ಡ ಕಣಜ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಪದ ಇವೆ. ಮಾರ್ಕ್ ಡೇವಿಸ್ ಎಂಬ ಭಾಷಾವಿಜ್ಞಾನಿ 2008ರಲ್ಲಿ ತೆರೆದ ಅಮೆರಿಕನ್ ಇಂಗ್ಲಿಷ್ ಕಾರ್ಪಸ್ ಕೋಕಾದಲ್ಲಿ 100 ಕೋಟಿಗೂ ಹೆಚ್ಚು. ಅದರಲ್ಲಿ ಶೈಕ್ಷಣಿಕ ಬರಹದ ಭಾಗವೇ ಬೇರೆ ಇದೆ, ಅಲ್ಲಷ್ಟೇ ಹುಡುಕಬಹುದು. ಹೆಸರುಪದ ಕೊಟ್ಟು, ಅದರ ಹಿಂದಿನ ಜಾಗದಲ್ಲಿ ಯಾವುದಾದರೂ ವಿಶೇಷಣ ಎಂದು ಕೇಳಿದರೆ ಪಟ್ಟಿ ಸುರಿಯುತ್ತದೆ. ಒಂದರ ಮೇಲೆ ಒತ್ತಿದರೆ ಅದು ಬಂದ ವಾಕ್ಯಗಳು ಸಾಲಾಗಿ ನಿಲ್ಲುತ್ತವೆ, ನಮ್ಮ ಪದ ನಟ್ಟನಡುವೆ. 'ಯಾರೂ ಹೀಗೆ ಬರೆಯಲ್ಲ' ಎಂಬ ಮಾತನ್ನು ನಾನೇ ಎಣಿಸಿ ನೋಡಬಹುದು ಅಂತಾದಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಗೈಡ್ ಹೇಳಿದ್ದು ಸರಿ ಇತ್ತು ಅನ್ನೋದು ಬೇರೆ ಮಾತು.

ಇಲ್ಲೂ ಒಂದು ಸಲ ಬಿದ್ದೆ. ಫಲಿತಾಂಶವನ್ನು ಬರೀ ಎಣಿಕೆಯಿಂದಲೂ ಜೋಡಿಸಬಹುದು, ಮ್ಯೂಚುಯಲ್ ಇನ್ಫರ್ಮೇಷನ್ ಎಂಬ ಅಂಕದಿಂದಲೂ ಜೋಡಿಸಬಹುದು. ಎರಡು ಪದ ಆಕಸ್ಮಿಕವಾಗಿ ಸೇರುವುದಕ್ಕಿಂತ ಎಷ್ಟು ಹೆಚ್ಚು ಸಲ ಸೇರುತ್ತವೆ ಅಂತ ಅಳೆಯುವ ಅಂಕ ಅದು. ಕೇಳೋಕೆ ವೈಜ್ಞಾನಿಕವಾಗಿದೆ ಅಂತ ನಾನು ಅದನ್ನೇ ನಂಬಿದೆ. ಪಟ್ಟಿಯ ತುದಿಯಲ್ಲಿ ಕಂಡಿದ್ದೆಲ್ಲ ಕೇಳರಿಯದ ಪದಗಳು. ಒಂದು ಅಪರೂಪದ ಪದ ಇಡೀ ಕಾರ್ಪಸ್‌ನಲ್ಲಿ ಮೂರು ಸಲ ಬಂದು, ಮೂರೂ ಸಲ 'ಎವಿಡೆನ್ಸ್' ಪಕ್ಕದಲ್ಲೇ ಇದ್ದರೆ ಈ ಅಂಕ ಆಕಾಶಕ್ಕೇರುತ್ತದೆ. ಅಂಥ ಒಂದೆರಡನ್ನು ಕರಡಿಗೆ ತುರುಕಿ ಮತ್ತೆ ಕೆಂಪು ಗೆರೆ ತಿಂದೆ. ಆಮೇಲೆ ಎಣಿಕೆಗೆ ಒಂದು ಕನಿಷ್ಠ ಮಿತಿ ಹಾಕಿ, ಅದರ ಮೇಲೆ ಅಂಕ ನೋಡಲು ಕಲಿತೆ. ಇಷ್ಟೆಲ್ಲ ಬೇಡ ಅನ್ನುವವರಿಗೆ 2013ರಲ್ಲಿ ಬಂದ ಅಕಾಡೆಮಿಕ್ ಕೊಲೊಕೇಷನ್ ಲಿಸ್ಟ್ ಇದೆ. ಅಕರ್‌ಮನ್ ಮತ್ತು ಚೆನ್ ಎಂಬಿಬ್ಬರು ತಯಾರಿಸಿದ 2469 ಜೋಡಿಗಳು. ಕಂಪ್ಯೂಟರ್ ಎಣಿಸಿ ಕೊಟ್ಟದ್ದನ್ನು ಮನುಷ್ಯರು ಕೂತು ಸೋಸಿದ್ದಾರೆ. ನಾನು ಅದನ್ನು ಉರು ಹೊಡೆಯಲಿಲ್ಲ. ಒಮ್ಮೆ ಸುಟ್ಟುಕೊಂಡಿದ್ದೆನಲ್ಲ. ಅನುಮಾನ ಬಂದಾಗ ತೆರೆದು ನೋಡುತ್ತಿದ್ದೆ, ಅಷ್ಟೇ.

ಇಲ್ಲಿಯವರೆಗೆ ಇದು ಅಲಂಕಾರದ ಕೆಲಸ ಎಂದೇ ನಾನು ತಿಳಿದಿದ್ದೆ. ನನ್ನ ವಾದ ನನ್ನದು, ಅದಕ್ಕೆ ಇಂಗ್ಲಿಷಿನವರು ಮೆಚ್ಚುವ ಅಂಗಿ ಹೊಲಿಯುತ್ತಿದ್ದೇನೆ, ಅಷ್ಟೇ ಎಂದು. ಆ ಭ್ರಮೆ ಬಿಡಿಸಿದ್ದು ಒಂದು ಪದ, 'ರಿಫ್ಯೂಟ್'.

ಹಿಂದಿನ ಒಂದು ಲೇಖನ, ಬಾವಿ ಆಳವಾದಷ್ಟೂ ಫ್ಲೋರೈಡ್ ಜಾಸ್ತಿ ಎಂದು ವಾದಿಸಿತ್ತು. ನನ್ನ 22 ಕೊಳವೆಬಾವಿಗಳ ಅಳತೆಯಲ್ಲಿ ಹಾಗೆ ಕಾಣಲಿಲ್ಲ. ನಾನು ಬರೆದೆ, ನಮ್ಮ ಫಲಿತಾಂಶ ಆ ವಾದವನ್ನು 'ರಿಫ್ಯೂಟ್ಸ್' ಅಂತ. ನನ್ನ ಮನಸ್ಸಿನಲ್ಲಿ ಇದ್ದದ್ದು 'ಅಲ್ಲಗಳೆಯುತ್ತದೆ'. ವ್ಯಾಕರಣ ಸರಿ, ಜೋಡಿಯೂ ಸರಿ. 'ರಿಫ್ಯೂಟ್' ಮತ್ತು 'ಕ್ಲೇಮ್' ಕಾರ್ಪಸ್‌ನಲ್ಲಿ ಅಕ್ಕಪಕ್ಕ ಎಷ್ಟು ಬೇಕೋ ಅಷ್ಟು ಇವೆ. ಆದರೂ ಗೈಡ್ ಅದರ ಸುತ್ತ ವೃತ್ತ ಹಾಕಿದ್ದರು. ಪಕ್ಕದಲ್ಲಿ ಒಂದು ಪ್ರಶ್ನೆ: 22 ಬಾವಿಯಿಂದ?

ಕನ್ನಡದಲ್ಲಿ ಆರೋಪವನ್ನು ಅಲ್ಲಗಳೆಯಲು ಪುರಾವೆ ಬೇಕಿಲ್ಲ. ಇಲ್ಲ ಎಂದರೆ ಸಾಕು, ಅಲ್ಲಗಳೆದ ಹಾಗೆಯೇ. ಶೈಕ್ಷಣಿಕ ಇಂಗ್ಲಿಷಿನಲ್ಲಿ ಅದು 'ಡಿನೈ'. 'ರಿಫ್ಯೂಟ್' ಅಂದರೆ ಸುಳ್ಳು ಎಂದು ತೋರಿಸಿಕೊಟ್ಟು ಮುಗಿಸುವುದು. ನಾನು 22 ಬಾವಿ ಇಟ್ಟುಕೊಂಡು ಒಬ್ಬರ ಇಡೀ ವಾದವನ್ನು ಹೂತುಹಾಕಿದೆ ಎಂದು ಘೋಷಿಸಿದ್ದೆ. ನನಗೆ ಅಷ್ಟು ಧೈರ್ಯ ಇರಲಿಲ್ಲ, ಅದು ನನ್ನ ಅಭಿಪ್ರಾಯವೂ ಆಗಿರಲಿಲ್ಲ. ಪದ ನನ್ನ ಪರವಾಗಿ ಜಗಳಕ್ಕೆ ಹೋಗಿತ್ತು.

ಆವತ್ತು 'ಕ್ಲೇಮ್' ಮತ್ತು 'ಎವಿಡೆನ್ಸ್' ಪುಟಗಳನ್ನು ಹರಿದು ಹೊಸದಾಗಿ ಬರೆದೆ. ಈ ಸಲ ಪಟ್ಟಿಯಾಗಿ ಅಲ್ಲ, ಏಣಿಯಾಗಿ. ಎದುರಾಳಿಯ ವಾದದ ವಿಷಯದಲ್ಲಿ ಕೆಳಗಿನ ಮೆಟ್ಟಿಲು 'ರೇಸ್ ಕ್ವೆಶ್ಚನ್ಸ್ ಅಬೌಟ್', ಸುಮ್ನೆ ಪ್ರಶ್ನೆ ಎತ್ತುವುದು. ಅದರ ಮೇಲೆ 'ಕಾಸ್ಟ್ ಡೌಟ್ ಆನ್', ಅನುಮಾನದ ನೆರಳು ಬೀಳಿಸುವುದು. ಆಮೇಲೆ 'ಚಾಲೆಂಜ್'. ಆಮೇಲೆ 'ಅಂಡರ್‌ಮೈನ್', ಬುಡ ಅಗೆಯುವುದು. ಎಲ್ಲಕ್ಕಿಂತ ಮೇಲೆ 'ರಿಫ್ಯೂಟ್'. ನನ್ನ ಕಡೆಯ ಸಾಕ್ಷ್ಯಕ್ಕೂ ಅಂಥದ್ದೇ ಏಣಿ. ಕೆಳಗೆ 'ಇಸ್ ಕನ್ಸಿಸ್ಟೆಂಟ್ ವಿತ್', ಅಂದರೆ ಇದಕ್ಕೆ ವಿರೋಧವಿಲ್ಲ, ಅಷ್ಟೇ. ಮೇಲೆ ಹೋದ ಹಾಗೆ 'ಸಜೆಸ್ಟ್ಸ್', 'ಇಂಡಿಕೇಟ್ಸ್', 'ಡೆಮಾನ್‌ಸ್ಟ್ರೇಟ್ಸ್'. ತುದಿಯಲ್ಲಿ 'ಪ್ರೂವ್ಸ್'. ಈ ತುದಿಯನ್ನು ಗಣಿತದವರಿಗೆ ಬಿಟ್ಟುಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೆಟ್ಟಿಲುಗಳ ನಡುವಿನ ಅಂತರ ಎಲ್ಲರಿಗೂ ಒಂದೇ ಅಲ್ಲ, 'ಸಜೆಸ್ಟ್ಸ್' ಮತ್ತು 'ಇಂಡಿಕೇಟ್ಸ್' ಜಾಗ ಬದಲಾಯಿಸಿಕೊಳ್ಳಬಹುದು. ಆದರೆ ಕೆಳಗಿನದು ಯಾವುದು, ತುದಿಯದು ಯಾವುದು ಎನ್ನುವುದರಲ್ಲಿ ಜಗಳವಿಲ್ಲ.

ಇದಾದ ಮೇಲೆ ಬರೆಯುವ ರೀತಿಯೇ ಬದಲಾಯಿತು. ಕ್ರಿಯಾಪದ ಆರಿಸುವ ಮೊದಲು ಕೈ ನಿಲ್ಲತೊಡಗಿತು. ಇದನ್ನು ನಾನು ಎಷ್ಟು ನಂಬುತ್ತೇನೆ? ಎಷ್ಟು ಬಾವಿ, ಎಷ್ಟು ಸಲ ಅಳತೆ? ಮೊದಲೆಲ್ಲ ಈ ಪ್ರಶ್ನೆ ಬರುತ್ತಿದ್ದದ್ದು ಲೇಖನ ಕಳಿಸಿದ ಮೇಲೆ, ವಿಮರ್ಶಕರ ಬಾಯಲ್ಲಿ.

'ಸಿಗ್ನಿಫಿಕೆಂಟ್ ಡಿಫರೆನ್ಸ್' ಕೂಡ ಇಂಥದ್ದೇ ಒಂದು ಬಲೆ. ಎರಡು ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಇದೆ ಎನ್ನಲು ಬರೆದಿದ್ದೆ. ಜೋಡಿ ಅಚ್ಚುಕಟ್ಟು. ಗೈಡ್ ಕೇಳಿದ್ದು, ಪಿ ವ್ಯಾಲ್ಯೂ ಎಲ್ಲಿ? ಅಂದರೆ ಆ ವ್ಯತ್ಯಾಸ ಬರೀ ಆಕಸ್ಮಿಕವೋ ಎಂದು ಅಳೆಯಲು ಬಳಸುವ ಅಂಕ. ಅಂಕಿ ಅಂಶದ ಲೇಖನದಲ್ಲಿ ಆ ವಿಶೇಷಣ ಕಂಡರೆ ಓದುವವರು ಸಂಖ್ಯಾಶಾಸ್ತ್ರದ ಪರೀಕ್ಷೆ ಆಗಿದೆ ಎಂದೇ ತಿಳಿಯುತ್ತಾರೆ. ನಾನು ಬರೀ ಕಣ್ಣಿನಿಂದ ನೋಡಿ ಬರೆದಿದ್ದೆ. ಪರೀಕ್ಷೆ ಮಾಡದಿದ್ದರೆ 'ಮಾರ್ಕ್ಡ್' ಅಥವಾ 'ಕನ್ಸಿಡರಬಲ್' ಸಾಕು. ಇನ್ನೊಂದು, 'ಬೆಗ್ಸ್ ದ ಕ್ವೆಶ್ಚನ್'. ಮಾತಿನಲ್ಲಿ ಅದು ಪ್ರಶ್ನೆ ಹುಟ್ಟಿಸುತ್ತದೆ ಎಂಬ ಅರ್ಥಕ್ಕೆ ಓಡಾಡುತ್ತದೆ. ತರ್ಕದವರಿಗೆ ಅದರ ಅರ್ಥ ಬೇರೆ, ಸಾಬೀತು ಮಾಡಬೇಕಾದ್ದನ್ನೇ ಮೊದಲೇ ಒಪ್ಪಿಕೊಂಡು ವಾದ ಶುರು ಮಾಡುವ ದೋಷ. ನಾನು ಈ ಜೋಡಿಯ ತಂಟೆಗೇ ಹೋಗುವುದಿಲ್ಲ.

ಪದಗಳಿಗೆ ಗ್ರಹಗತಿ ಇರುತ್ತದೆ ಎಂಬುದನ್ನು ಇನ್ನೂ ತಡವಾಗಿ ಕಲಿತೆ. ಹೊಸ ಫಿಲ್ಟರ್ ನೀರಿನ ಗುಣಮಟ್ಟದಲ್ಲಿ ಸುಧಾರಣೆ ತಂದಿತು ಎನ್ನಲು 'ಕಾಸ್ಡ್ ಆ್ಯನ್ ಇಂಪ್ರೂವ್‌ಮೆಂಟ್' ಎಂದು ಬರೆದಿದ್ದೆ. ಅರ್ಥದಲ್ಲಿ ಏನೂ ಕೊರತೆಯಿಲ್ಲ. ಆದರೆ ಕಾರ್ಪಸ್ ತೆರೆದು 'ಕಾಸ್' ಪಕ್ಕದವರನ್ನು ನೋಡಿದರೆ ಹಾನಿ, ಸಾವು, ಕ್ಯಾನ್ಸರ್, ತೊಂದರೆ, ನಷ್ಟ. ಒಳ್ಳೆಯ ಸುದ್ದಿಗೆ 'ಲೆಡ್ ಟು' ಅಥವಾ 'ಬ್ರಾಟ್ ಅಬೌಟ್' ಹೊಂದುತ್ತದೆ. ಜಾನ್ ಸಿಂಕ್ಲೇರ್ ಎಂಬ ಕಾರ್ಪಸ್ ತಜ್ಞರು 'ಸೆಟ್ ಇನ್' ಎಂಬುದರ ಬಗ್ಗೆ ಇದನ್ನೇ ಗಮನಿಸಿದ್ದರು, ಕೊಳೆತ, ಹತಾಶೆ ಇಂಥವೇ ಅದರ ಕರ್ತೃಗಳು. ನನಗೆ ತಕ್ಷಣ ನೆನಪಾದದ್ದು ನಮ್ಮ 'ಒಕ್ಕರಿಸು'. ದರಿದ್ರ ಒಕ್ಕರಿಸುತ್ತದೆ, ಶನಿ ಒಕ್ಕರಿಸುತ್ತದೆ, ಬೇಡದ ನೆಂಟ ಒಕ್ಕರಿಸುತ್ತಾನೆ. ಮನೆಗೆ ಸಂತೋಷ ಒಕ್ಕರಿಸಿತು ಅಂತ ಯಾರಾದರೂ ಬರೆದರೆ? ನನ್ನ ಫಿಲ್ಟರಿನ ಸುಧಾರಣೆ ಇಂಗ್ಲಿಷ್ ಓದುಗರಿಗೆ ಸುಮಾರು ಹಾಗೆ ಕಂಡಿರಬೇಕು.

ನೆನಪಿಟ್ಟುಕೊಳ್ಳಲು ಫ್ಲ್ಯಾಶ್‌ಕಾರ್ಡ್ ಮಾಡಿದೆ. ಮೊದಲು ಪೂರ್ತಿ ಜೋಡಿ ಒಂದು ಬದಿ, ಅರ್ಥ ಇನ್ನೊಂದು ಬದಿ. ನೋಡಿದಾಗ ಎಲ್ಲ ಗೊತ್ತು, ಬರೆಯಲು ಕೂತರೆ ಒಂದೂ ಬರುವುದಿಲ್ಲ. ಆಮೇಲೆ ನನ್ನದೇ ಕರಡಿನ ವಾಕ್ಯ ತೆಗೆದುಕೊಂಡು, ಹೆಸರುಪದ ಇಟ್ಟು, ಕ್ರಿಯಾಪದದ ಜಾಗ ಖಾಲಿ ಬಿಟ್ಟೆ. ಮೊದಲ ಅಕ್ಷರವಷ್ಟೇ ಸುಳಿವು. ದಿನಕ್ಕೆ 10 ಕಾರ್ಡು, ಬಂದದ್ದನ್ನು ವಾರದ ಆಚೆಗೆ ತಳ್ಳು, ಬಾರದ್ದನ್ನು ನಾಳೆಗೆ ಇಡು. ಇದು ಕೆಲಸ ಮಾಡಿತು. ಹೆಚ್ಚು ಹೇಳಲು ಏನಿಲ್ಲ.

ಕಲಿತದ್ದನ್ನು ತೋರಿಸಿಕೊಳ್ಳುವ ಚಪಲ ಮಾತ್ರ ಎಲ್ಲರಿಗೂ ಬರುತ್ತದೇನೋ. ನನ್ನ ಮುಂದಿನ ಕರಡಿನ ಎರಡೇ ಪುಟದಲ್ಲಿ 'ಶೆಡ್ ಲೈಟ್ ಆನ್' ನಾಲ್ಕು ಸಲ ಬಂದಿತ್ತು. ಫಲಿತಾಂಶ ಬೆಳಕು ಚೆಲ್ಲುತ್ತದೆ, ವಿಧಾನ ಬೆಳಕು ಚೆಲ್ಲುತ್ತದೆ, ಹಿಂದಿನ ಲೇಖನವೂ ಬೆಳಕು ಚೆಲ್ಲುತ್ತದೆ. ಗೈಡ್ ಒಂದು ಮಾತೂ ಬರೆಯಲಿಲ್ಲ. ನಾಲ್ಕೂ ಕಡೆ ಅಂಚಿನಲ್ಲಿ ಒಂದೊಂದು ಪುಟ್ಟ ಬಲ್ಬಿನ ಚಿತ್ರ ಬಿಡಿಸಿದ್ದರು. 'ಪ್ಲೇಸ್ ಎ ಪಿವಟಲ್ ರೋಲ್' ಬಂದಲ್ಲಿ ಒಂದು ಪ್ರಶ್ನಾರ್ಥಕ. ಎಲ್ಲದರ ಪಾತ್ರವೂ ನಿರ್ಣಾಯಕವಾದರೆ ನಿರ್ಣಯ ಆಗುವುದು ಯಾವುದರಿಂದ? ಮೂರು ಬಲ್ಬ್ ಆರಿಸಿದೆ. ಒಂದರ ಜಾಗದಲ್ಲಿ 'ಶೋಸ್' ಎಂದು ಬರೆದೆ. ಚೆನ್ನಾಗಿತ್ತು.

ಈಗ ಯಂತ್ರಕ್ಕೆ ಕೊಟ್ಟರೆ ಇದೆಲ್ಲ ಒಂದು ನಿಮಿಷದಲ್ಲಿ ತಿದ್ದಿ ಕೊಡುತ್ತದಲ್ಲ ಎಂದು ಕಿರಿಯರು ಕೇಳುತ್ತಾರೆ. ನಾನೂ ಕೊಟ್ಟು ನೋಡಿದೆ. 'ಡಿಡ್ ಎ ಕನ್‌ಕ್ಲೂಷನ್' ಥರದ್ದನ್ನು ಚೆನ್ನಾಗಿಯೇ ಹಿಡಿಯಿತು, ಸುಳ್ಳು ಹೇಳಬಾರದು. ಆದರೆ ಒಂದು ಕಡೆ ನನ್ನ 'ಸಜೆಸ್ಟ್ಸ್' ಸದ್ದಿಲ್ಲದೆ 'ಡೆಮಾನ್‌ಸ್ಟ್ರೇಟ್ಸ್' ಆಗಿತ್ತು. ವಾಕ್ಯ ಮೊದಲಿಗಿಂತ ಸೊಗಸಾಗಿ ಓಡುತ್ತಿತ್ತು. ಏಣಿ ಬರೆದುಕೊಂಡಿರದಿದ್ದರೆ ನಾನು ಥ್ಯಾಂಕ್ಸ್ ಹೇಳಿ ಹಾಗೇ ಕಳಿಸಿರುತ್ತಿದ್ದೆ.

ಮೊದಲ ಕರಡಿನಿಂದ ಸುಮಾರು ಎರಡು ವರ್ಷ ಆದ ಮೇಲೆ ಎರಡನೆಯ ಲೇಖನ ವಿಮರ್ಶಕರಿಂದ ವಾಪಸ್ ಬಂತು. ಅಭ್ಯಾಸಬಲ, ಮೊದಲು ಭಾಷೆಯ ಮೇಲಿನ ಟೀಕೆ ಹುಡುಕಿದೆ. ಇರಲಿಲ್ಲ. ಟೀಕೆಯೆಲ್ಲ ಮಾದರಿಯ ಗಾತ್ರದ ಮೇಲೆ, ಒಂದು ನಕ್ಷೆಯ ಮೇಲೆ. ಕೊನೆಯದೊಂದು ಮಾತ್ರ ನನ್ನ ಒಂದು ಸಾಲನ್ನು ಎತ್ತಿಕೊಂಡಿತ್ತು. ಒಂದು ಬೇಸಿಗೆಯ ಅಳತೆ ಇಟ್ಟುಕೊಂಡು ಈ ಊಹೆಗೆ 'ಲೆಂಡ್ಸ್ ಸಪೋರ್ಟ್ ಟು' ಎನ್ನಬಹುದೇ, ಅಥವಾ 'ಇಸ್ ಕನ್ಸಿಸ್ಟೆಂಟ್ ವಿತ್' ಅಷ್ಟೇನಾ?

ದತ್ತಾಂಶ ಮತ್ತೆ ತೆರೆದೆ. ಮಳೆಗಾಲದ ಅಳತೆಗಳು ನನ್ನ ಬಳಿ ಇರಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು, 'ಇಸ್ ಕನ್ಸಿಸ್ಟೆಂಟ್ ವಿತ್' ಎಂದು ತಿದ್ದಿ ಕಳಿಸಿದೆ.